ಬಾಡಿಗೆ ಕರಾರೂ ಒಂದು ವಾಗ್ದಾನವೇ

ನಗರದಲ್ಲಿ ಬದುಕುವ ನಮ್ಮ ಕುಟುಂಬಗಳಿಗೆ ಮನೆ ಬದಲಾಯಿಸುವುದು ಹೊಸ ಸಂಗತಿಯೇನಲ್ಲ. ಸಾಮಾನುಗಳನ್ನು ಟೆಂಪೋಗೆ ಏರಿಸುತ್ತೇವೆ, ಮಕ್ಕಳ ಶಾಲೆಯ ದೂರವನ್ನು ಲೆಕ್ಕ ಹಾಕುತ್ತೇವೆ, ಸಮೀಪದ ಮಸೀದಿ ಯಾವುದೆಂದು ವಿಚಾರಿಸುತ್ತೇವೆ, ‘ಬಿಸ್ಮಿಲ್ಲಾಹ್’ ಎಂದು ಬಲಗಾಲಿಟ್ಟು ಹೊಸ ಮನೆಯನ್ನು ಪ್ರವೇಶಿಸುತ್ತೇವೆ. ಆದರೆ ಅದಕ್ಕೆ ಎರಡು ದಿನ ಮೊದಲು ನಾವು ಸಹಿ ಹಾಕಿದ ಕರಾರು ಪತ್ರದಲ್ಲಿ ಏನು ಬರೆದಿತ್ತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ತಿಳಿದಿರುವುದಿಲ್ಲ. ಪತ್ರ ಇಂಗ್ಲಿಷಿನಲ್ಲಿತ್ತು, ದಲ್ಲಾಳಿ ತೋರಿಸಿದ ಕಡೆ ಸಹಿ ಹಾಕಿದೆವು, ಅಷ್ಟೇ. ಕೆಲವರ ಬಳಿ ಪತ್ರವೇ ಇರುವುದಿಲ್ಲ. ‘ನಮ್ಮವರೇ ಅಲ್ಲವೇ, ಬರಹ ಯಾಕೆ?’ ಎಂಬ ಮಾತೇ ಅವರ ಕರಾರು.

ಒಂದು ಕೆಟ್ಟ ದಿನ ಬಂದಾಗ ಮಾತ್ರ ಈ ಅಲಕ್ಷ್ಯದ ಬೆಲೆ ತಿಳಿಯುತ್ತದೆ. ಅಂದು ಮಾಲೀಕರು ಮುಂಗಡ ಹಣ ಮರಳಿಸಲು ಇಂದು ನಾಳೆ ಎನ್ನುತ್ತಾರೆ. ಅಥವಾ ಬಾಡಿಗೆದಾರರು ಮನೆಯನ್ನೂ ಬಿಡದೆ ಬಾಡಿಗೆಯನ್ನೂ ಕೊಡದೆ ಕೂರುತ್ತಾರೆ. ಆಗ ಜಮಾಅತ್ ಕಮಿಟಿಯ ಮುಂದೆ ಪಂಚಾಯಿತಿ ಸೇರುತ್ತದೆ. ಒಬ್ಬರು ‘ಹೀಗೆ ಹೇಳಿದ್ದೆ’ ಎನ್ನುತ್ತಾರೆ, ಇನ್ನೊಬ್ಬರು ‘ಹಾಗೆ ಹೇಳಿಯೇ ಇಲ್ಲ’ ಎನ್ನುತ್ತಾರೆ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಸಲಾಮ್ ಹೇಳುವುದನ್ನೂ ನಿಲ್ಲಿಸುತ್ತಾರೆ. ಇದು ಕೇವಲ ಕಾನೂನಿನ ಸಮಸ್ಯೆಯೇ? ನಮ್ಮ ಅಭಿಪ್ರಾಯದಲ್ಲಿ ಇದು ಮೊದಲಿಗೆ ದೀನಿನ ಸಮಸ್ಯೆ.

ಬರೆದಿಡುವುದು ಅಪನಂಬಿಕೆಯಲ್ಲ

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾಗಿದೆ? ಅದು ನಮಾಝಿನ ಕುರಿತಲ್ಲ, ಉಪವಾಸದ ಕುರಿತೂ ಅಲ್ಲ. ಅಲ್ ಬಕರಾ ಅಧ್ಯಾಯದ 282ನೇ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಅವಧಿಯನ್ನು ನಿಗದಿಪಡಿಸಿ ಬರೆಯಬೇಕು, ಬರಹಗಾರ ನ್ಯಾಯಯುತವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು, ಬರಹಗಾರನಿಗೂ ಸಾಕ್ಷಿಗಳಿಗೂ ತೊಂದರೆ ಕೊಡಬಾರದು ಎಂದು ಅದು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಪರಸ್ಪರ ಪ್ರಾಣವನ್ನೇ ಕೊಡಲು ಸಿದ್ಧರಿದ್ದ ಸಹಾಬಿಗಳ ಸಮಾಜಕ್ಕೆ ಅಲ್ಲಾಹನು ಈ ಆದೇಶ ನೀಡಿದನು ಎಂಬುದನ್ನು ನಾವು ಮರೆಯಬಾರದು. ಬರೆಯುವುದು ಅಪನಂಬಿಕೆಯ ಗುರುತಾಗಿದ್ದರೆ ಅವರಿಗೆ ಅದರ ಅಗತ್ಯವೇ ಇರಲಿಲ್ಲ. ಬರಹವು ನಂಬಿಕೆಯನ್ನು ಕಾಯುವ ಬೇಲಿಯಾಗಿದೆ.

ಅದೇ ಸೂಕ್ತದಲ್ಲಿ ನಾವು ಹೆಚ್ಚು ಗಮನಿಸದ ಒಂದು ಅಂಶವಿದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ತನ್ನ ಮೇಲಿನ ಹೊಣೆಯನ್ನು ಅವನ ಬಾಯಿಯೇ ಒಪ್ಪಿಕೊಳ್ಳಬೇಕು, ಅದರಲ್ಲಿ ಏನನ್ನೂ ಕಡಿಮೆ ಮಾಡಬಾರದು. ಈಗ ನಮ್ಮ ಬಾಡಿಗೆ ಕರಾರನ್ನು ನೋಡೋಣ. ಮುಂಗಡವಾಗಿ ಲಕ್ಷಗಟ್ಟಲೆ ಹಣ ಪಡೆದು ಅದನ್ನು ತನ್ನ ವ್ಯವಹಾರದಲ್ಲಿ ಬಳಸಿಕೊಂಡ ಮಾಲೀಕ ವಾಸ್ತವದಲ್ಲಿ ಸಾಲಗಾರನೇ ಆಗಿದ್ದಾನೆ. ನಾವು ಅದನ್ನು ‘ಅಮಾನತ್’ ಎಂದು ಕರೆದರೂ, ಬಳಸಲು ಅನುಮತಿಯಿರುವ ಹಣಕ್ಕೆ ಫಿಕ್ಹ್‌ನಲ್ಲಿ ಸಾಲದ ನಿಯಮಗಳೇ ಅನ್ವಯವಾಗುತ್ತವೆ. ಅದು ಕಳೆದುಹೋಯಿತು, ವ್ಯಾಪಾರದಲ್ಲಿ ನಷ್ಟವಾಯಿತು ಎಂಬ ನೆಪಗಳಿಗೆ ಅಲ್ಲಿ ಜಾಗವಿಲ್ಲ. ಹೀಗಿರುವಾಗ ಮುಂಗಡವನ್ನು ಯಾವ ದಿನ, ಹೇಗೆ, ಯಾವ ಕಡಿತದೊಂದಿಗೆ ಮರಳಿಸುತ್ತೇನೆ ಎಂಬುದನ್ನು ಸ್ಪಷ್ಟವಾಗಿ ಬರೆಸಬೇಕಾದ ಹೊಣೆ ಮಾಲೀಕರದ್ದು. ನಮ್ಮ ಕರಾರುಗಳಲ್ಲಿ ಬಾಡಿಗೆದಾರನ ಕರ್ತವ್ಯಗಳು ಎರಡು ಪುಟ ತುಂಬಿರುತ್ತವೆ, ಮುಂಗಡ ಮರಳಿಸುವ ಮಾತು ಅರ್ಧ ಸಾಲಿನಲ್ಲಿ ಮುಗಿದಿರುತ್ತದೆ.

ನೆಲದ ಕಾನೂನು ಏನನ್ನು ಬಯಸುತ್ತದೆ?

ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು. ಕರಾರು ಲಿಖಿತವಾಗಿರಬೇಕು ಎಂದು ಅದು ಹೇಳುತ್ತದೆ. ಕಾಯ್ದೆಯಲ್ಲಿ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಹೊರಹಾಕಲು ಅದು ಅವಕಾಶ ಕೊಡುವುದಿಲ್ಲ. ಆದರೆ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮತ್ತು ಇತರ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಆ ಮೊತ್ತಕ್ಕೆ ಮನೆ ಎಲ್ಲಿ ಸಿಗುತ್ತದೆ? ಆದ್ದರಿಂದ ನಮ್ಮ ಹೆಚ್ಚಿನ ಬಾಡಿಗೆ ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಆ ಕಾಯ್ದೆಯು ಬಹುಪಾಲು ವಿಷಯಗಳನ್ನು ಉಭಯತ್ರರ ಕರಾರಿಗೇ ಬಿಟ್ಟಿದೆ. ಅಂದರೆ ಪತ್ರದಲ್ಲಿ ನಾವು ಬರೆದ ಮಾತೇ ನಮ್ಮ ರಕ್ಷಣೆ, ಬರೆಯದೆ ಬಿಟ್ಟದ್ದೇ ನಮ್ಮ ದೌರ್ಬಲ್ಯ.

ಹನ್ನೊಂದು ತಿಂಗಳ ಕರಾರು ಏಕೆ ರೂಢಿಗೆ ಬಂತು ಎಂಬುದನ್ನೂ ತಿಳಿದಿರಬೇಕು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯ. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಅದು ಅಕ್ರಮವಲ್ಲ. ಆದರೆ ಮೂರು ವರ್ಷ, ಐದು ವರ್ಷ ಎಂದು ಬರೆದು ನೋಂದಣಿ ಮಾಡಿಸದೆ ಇಟ್ಟುಕೊಂಡರೆ ಆ ಅವಧಿಗೆ ಕಾನೂನಿನ ಬಲವಿರುವುದಿಲ್ಲ. ಐದು ವರ್ಷಕ್ಕೆಂದು ಬರೆದು ನೋಂದಾಯಿಸದ ಇಂಥ ಒಂದು ಕರಾರನ್ನು ಸುಪ್ರೀಂ ಕೋರ್ಟ್ 2000ದಲ್ಲಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದಷ್ಟೇ ಪರಿಗಣಿಸಿತು. ಅಂಥ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಮಕ್ಕಳ ಶಾಲೆ ಐದು ವರ್ಷ ಇಲ್ಲೇ ಎಂದು ನಂಬಿದ ಕುಟುಂಬಕ್ಕೆ ಕಾನೂನು ಕೊಡುವುದು ಹದಿನೈದು ದಿನ ಮಾತ್ರ!

ಮುದ್ರಾಂಕ ಶುಲ್ಕದ ವಿಷಯವೂ ಹೀಗೆಯೇ. ಸಾಕಷ್ಟು ಶುಲ್ಕ ಪಾವತಿಸದ ಪತ್ರವನ್ನು ನ್ಯಾಯಾಲಯ ಹಾಗೆಯೇ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಬಾಕಿ ಶುಲ್ಕದ ಜೊತೆಗೆ ಅದರ ಹತ್ತುಪಟ್ಟು ದಂಡ ಕಟ್ಟಬೇಕಾಗುತ್ತದೆ. ಅಂದು ಉಳಿಸಿದ ಕೆಲವು ನೂರು ರೂಪಾಯಿ ಮುಂದೆ ಲಕ್ಷಗಳ ಹಕ್ಕಿಗೆ ಅಡ್ಡ ನಿಲ್ಲುತ್ತದೆ. ತೆರಿಗೆ ಉಳಿಸಲೆಂದು ನಿಜವಾದ ಬಾಡಿಗೆಗಿಂತ ಕಡಿಮೆ ಮೊತ್ತವನ್ನು ಪತ್ರದಲ್ಲಿ ಬರೆಯುವವರೂ ಇದ್ದಾರೆ. ಅದು ಜಾಣತನವಲ್ಲ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದ ಸುಳ್ಳು. ಸುಳ್ಳು ಮಾತಿನಿಂದ ದೂರವಿರಬೇಕೆಂದು ಆಜ್ಞಾಪಿಸಿದ ಗ್ರಂಥವನ್ನು ಮನೆಯ ಕಪಾಟಿನ ಮೇಲ್ತಟ್ಟಿನಲ್ಲಿಟ್ಟು ಕೆಳತಟ್ಟಿನಲ್ಲಿ ಇಂಥ ಪತ್ರವನ್ನು ಇಡುವುದು ನಮಗೆ ಶೋಭಿಸುತ್ತದೆಯೇ?

‘ಇವೆಲ್ಲ ಸರಕಾರದ ಕಾನೂನುಗಳು, ನಮ್ಮ ದೀನಿಗೂ ಇವಕ್ಕೂ ಏನು ಸಂಬಂಧ?’ ಎಂದು ಕೇಳುವವರಿದ್ದಾರೆ. ಕರಾರುಗಳನ್ನು ಪೂರ್ಣಗೊಳಿಸಿರಿ ಎಂಬುದು ಅಲ್ ಮಾಇದಾ ಅಧ್ಯಾಯದ ಮೊದಲ ಸೂಕ್ತದ ಆದೇಶ. ಹಲಾಲನ್ನು ಹರಾಮ್ ಮಾಡುವ ಅಥವಾ ಹರಾಮನ್ನು ಹಲಾಲ್ ಮಾಡುವ ಷರತ್ತುಗಳನ್ನು ಬಿಟ್ಟು ಉಳಿದೆಲ್ಲ ಷರತ್ತುಗಳಿಗೆ ಮುಸ್ಲಿಮರು ಬದ್ಧರು ಎಂಬುದು ಪ್ರವಾದಿ(ಸ)ರ ಬೋಧನೆ. ಪತ್ರವನ್ನು ನೋಂದಾಯಿಸು, ರಸೀದಿ ಕೊಡು, ನೋಟಿಸಿಲ್ಲದೆ ಹೊರಹಾಕಬೇಡ ಎನ್ನುವ ಕಾನೂನು ಯಾವ ಹಲಾಲನ್ನು ಹರಾಮ್ ಮಾಡುತ್ತದೆ? ಹುದೈಬಿಯಾದಲ್ಲಿ ಒಪ್ಪಂದ ನಡೆಯುತ್ತಿರುವಾಗಲೇ ಅಬೂ ಜಂದಲ್(ರ) ಸಂಕೋಲೆಗಳೊಂದಿಗೆ ಓಡಿ ಬಂದರು. ಒಪ್ಪಂದದ ಮಾತಿಗೆ ಬದ್ಧರಾಗಿ ಪ್ರವಾದಿ(ಸ)ರು ಅವರನ್ನೂ ಮರಳಿಸಿದರು. ಅಷ್ಟು ನೋವಿನ ಷರತ್ತನ್ನು ಪಾಲಿಸಿದ ಪ್ರವಾದಿಯ ಅನುಯಾಯಿಗಳಿಗೆ ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕೊಡುವುದು ಅಥವಾ ಹೇಳಿದ ದಿನ ಮುಂಗಡ ಮರಳಿಸುವುದು ಭಾರವಾಗಬಾರದು.

ಭೋಗ್ಯವೆಂಬ ಗಂಟು

ನಮ್ಮ ಸಮುದಾಯವನ್ನು ಇಂದು ಹೆಚ್ಚು ಕಾಡುತ್ತಿರುವುದು ಭೋಗ್ಯದ ಪದ್ಧತಿ. ಬೆಂಗಳೂರಿನಲ್ಲಿ ಇದನ್ನೇ ‘ಲೀಸ್’ ಎನ್ನುತ್ತಾರೆ. ಹತ್ತು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಮನೆ ಬಿಡುವಾಗ ಹತ್ತು ಲಕ್ಷವನ್ನೂ ಮರಳಿ ಪಡೆಯುವುದು. ತಿಂಗಳ ಬಾಡಿಗೆಯ ಚಿಂತೆಯಿಲ್ಲ, ಹಣವೂ ಉಳಿಯುತ್ತದೆ ಎಂದು ನಮ್ಮವರು ಇದರತ್ತ ಒಲಿಯುತ್ತಾರೆ.

ಇದರ ಒಳಗನ್ನು ಬಿಚ್ಚಿ ನೋಡೋಣ. ಆ ಮನೆಯ ಬಾಡಿಗೆ ತಿಂಗಳಿಗೆ 15,000 ರೂಪಾಯಿ ಎಂದುಕೊಂಡರೆ ಮೂರು ವರ್ಷದಲ್ಲಿ 5,40,000 ರೂಪಾಯಿಯ ಲಾಭವನ್ನು ಪಡೆದಂತಾಯಿತು. ಕೊಟ್ಟ ಮೂಲಧನವೂ ಪೂರ್ತಿಯಾಗಿ ಮರಳಿತು. ಕೊಟ್ಟ ಸಾಲಕ್ಕೆ ಪ್ರತಿಯಾಗಿ ಷರತ್ತಿನ ಮೇಲೆ ಪಡೆದ ಲಾಭ ಯಾವುದಾಗುತ್ತದೆ? ಅಡವಿಟ್ಟ ವಸ್ತುವಿನಿಂದ ಸಾಲ ಕೊಟ್ಟವನು ಷರತ್ತಿನ ಮೇಲೆ ಲಾಭ ಪಡೆಯುವುದನ್ನು ಫಿಕ್ಹ್ ವಿದ್ವಾಂಸರಲ್ಲಿ ಬಹುಪಾಲು ಮಂದಿ ಬಡ್ಡಿಯ ಸಾಲಿಗೇ ಸೇರಿಸಿದ್ದಾರೆ. ಬ್ಯಾಂಕಿನ ಬಡ್ಡಿಯನ್ನು ಮುಟ್ಟಲು ಹೆದರುವ ನಾವು ಭೋಗ್ಯದ ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದೇವೆ. ಈ ಕುರಿತು ನಿಮ್ಮ ಊರಿನ ಉಲಮಾಗಳನ್ನು ಒಮ್ಮೆಯಾದರೂ ಕೇಳಿ ತಿಳಿದುಕೊಳ್ಳಿ.

ವಿಶೇಷವೆಂದರೆ ದೀನ್ ಎಚ್ಚರಿಸಿದ ಜಾಗದಲ್ಲೇ ಕಾನೂನೂ ಎಚ್ಚರಿಸುತ್ತದೆ. ಹಣ ಪಡೆದು ಆಸ್ತಿಯ ಅನುಭೋಗವನ್ನು ಬಿಟ್ಟುಕೊಡುವ ವ್ಯವಹಾರವನ್ನು ಆಸ್ತಿ ವರ್ಗಾವಣೆ ಕಾಯ್ದೆ ಭೋಗ್ಯದ ಅಡಮಾನ ಎಂದು ಗುರುತಿಸಿದೆ. ನೂರು ರೂಪಾಯಿಗಿಂತ ಮೇಲಿನ ಇಂಥ ಅಡಮಾನಕ್ಕೆ ನೋಂದಾಯಿತ ಪತ್ರ ಬೇಕೇ ಬೇಕು. ನಾವಾದರೋ ಹತ್ತು ಲಕ್ಷವನ್ನು ಹನ್ನೊಂದು ತಿಂಗಳ ಛಾಪಾ ಕಾಗದದ ಮೇಲೆ, ಹಲವೊಮ್ಮೆ ನಗದಾಗಿ ಕೊಟ್ಟುಬಿಡುತ್ತೇವೆ. ಆ ಮನೆಯ ಮೇಲೆ ಮಾಲೀಕರು ಅದಾಗಲೇ ಬ್ಯಾಂಕ್ ಸಾಲ ಪಡೆದಿದ್ದರೆ? ಸಾಲದ ಕಂತು ನಿಂತಾಗ ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯಡಿ ಮನೆಯ ಗೋಡೆಗೆ ನೋಟಿಸ್ ಅಂಟಿಸುತ್ತದೆ, ಹರಾಜು ಹಾಕುತ್ತದೆ. ನೋಂದಣಿಯಿಲ್ಲದ ಪತ್ರ ಹಿಡಿದು ನಿಂತ ಕುಟುಂಬದ ಮಾತನ್ನು ಆಗ ಕೇಳುವವರು ವಿರಳ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಇತರರಿಗೆ ಭೋಗ್ಯಕ್ಕೆ ಕೊಟ್ಟು, ಹಣದೊಂದಿಗೆ ಮಾಯವಾಗುವ ಮಧ್ಯವರ್ತಿಗಳ ವಂಚನೆಯೂ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ.

ಈ ಹಣ ಎಲ್ಲಿಂದ ಬಂದದ್ದು ಎಂಬುದನ್ನೂ ಯೋಚಿಸಬೇಕು. ಹಲವು ಮನೆಗಳಲ್ಲಿ ಅದು ಪತ್ನಿಯ ಚಿನ್ನ ಮಾರಿದ ಹಣ, ಆಕೆಯ ಮಹ್ರ್, ತಂದೆಯಿಂದ ಬಂದ ಪಾಲು. ಶರೀಅತ್‌ನ ಪ್ರಕಾರ ಅದು ಆಕೆಯ ಸ್ವಂತ ಸೊತ್ತು. ಆದರೆ ಕರಾರಿನಲ್ಲಿ ಆಕೆಯ ಹೆಸರೇ ಇರುವುದಿಲ್ಲ. ನಾಳೆ ಪತಿ ತೀರಿಕೊಂಡರೆ ಅಥವಾ ಸಂಬಂಧ ಮುರಿದರೆ ಆ ಹಣ ತನ್ನದೆಂದು ಆಕೆ ಯಾವ ಪತ್ರವನ್ನು ತೋರಿಸಬೇಕು? ಹಣ ಆಕೆಯದಾಗಿದ್ದರೆ ಕರಾರಿನಲ್ಲಿ ಆಕೆಯ ಹೆಸರಿರಲಿ, ಹಣ ಆಕೆಯ ಖಾತೆಯಿಂದಲೇ ಹೋಗಲಿ, ಆಕೆಯ ಖಾತೆಗೇ ಮರಳಲಿ.

ಹಾಗಾದರೆ ಮಾಲೀಕರಿಗೆ ಒಮ್ಮೆಗೇ ದೊಡ್ಡ ಮೊತ್ತ ಬೇಕಾಗಿದ್ದರೆ ದಾರಿಯಿಲ್ಲವೇ? ಇದೆ. ಮೂರು ವರ್ಷದ ಬಾಡಿಗೆಯನ್ನು ಸ್ವಲ್ಪ ರಿಯಾಯಿತಿಯೊಂದಿಗೆ ಮುಂಗಡವಾಗಿಯೇ ಪಾವತಿಸುವ ಕರಾರು ಮಾಡಿಕೊಳ್ಳಬಹುದು. ಅದು ಮರಳಿ ಬರುವ ಸಾಲವಲ್ಲ, ಮನೆಯ ಬಳಕೆಗೆ ಕೊಟ್ಟ ಬೆಲೆ. ಅದು ಇಜಾರಾ, ಅಂದರೆ ಶುದ್ಧ ಬಾಡಿಗೆ ವ್ಯವಹಾರ. ಅವಧಿಯ ಮಧ್ಯೆ ಮನೆ ಬಿಡಬೇಕಾಗಿ ಬಂದರೆ ಉಳಿದ ತಿಂಗಳುಗಳ ಹಣವನ್ನು ಮರಳಿಸುವ ಷರತ್ತನ್ನೂ ಬರೆಯಬಹುದು. ಒಂದು ವರ್ಷ ಮೀರುವುದರಿಂದ ಇದನ್ನು ನೋಂದಾಯಿಸಲೇಬೇಕು. ಹಣ ಕೊಡುವ ಮುನ್ನ ಋಣಭಾರ ಪ್ರಮಾಣಪತ್ರ, ಖಾತಾ ಮತ್ತು ತೆರಿಗೆ ರಸೀದಿಗಳನ್ನು ಪರಿಶೀಲಿಸಲೇಬೇಕು. ರಾಜ್ಯದ ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರವನ್ನು ಮನೆಯಿಂದಲೇ ಪಡೆಯಬಹುದು.

ಮಾಲೀಕರೊಂದಿಗೆ ಎರಡು ಮಾತು

ಮುಸ್ಲಿಮ್ ಎಂಬ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸಲ್ಪಟ್ಟ ಅನುಭವ ನಮ್ಮಲ್ಲಿ ಅನೇಕರಿಗಿದೆ. ಹೆಸರು ಕೇಳಿದ ಬಳಿಕ ‘ಮನೆ ಈಗಷ್ಟೇ ಹೋಯಿತು’ ಎಂಬ ಉತ್ತರವನ್ನು ಕೇಳಿದವರ ನೋವು ಸಣ್ಣದಲ್ಲ. ಆ ಅನ್ಯಾಯವನ್ನು ನಾವು ಖಂಡಿಸುತ್ತೇವೆ, ಖಂಡಿಸಲೇಬೇಕು. ಆದರೆ ಇನ್ನೊಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ. ಬೇರೆಡೆ ಮನೆ ಸಿಗದೆ ನಮ್ಮ ಮೊಹಲ್ಲಾಕ್ಕೆ ಬಂದ ಸಹೋದರನೊಂದಿಗೆ ನಾವು ಹೇಗೆ ವರ್ತಿಸುತ್ತಿದ್ದೇವೆ? ಅವನಿಗೆ ಬೇರೆ ದಾರಿಯಿಲ್ಲ ಎಂದು ತಿಳಿದೇ ಹತ್ತು ತಿಂಗಳ ಮುಂಗಡ ಕೇಳುವುದು, ಗಾಳಿ ಬೆಳಕಿಲ್ಲದ ಕೋಣೆಗೆ ಎರಡುಪಟ್ಟು ಬಾಡಿಗೆ ಹೇಳುವುದು, ಕರಾರು ಕೇಳಿದರೆ ‘ಬೇಕಾದರೆ ಇರು, ಇಲ್ಲವಾದರೆ ಹೋಗು’ ಎನ್ನುವುದು ಅನ್ಯಾಯವಲ್ಲವೇ? ಇತರರ ಪಕ್ಷಪಾತವನ್ನು ನಮ್ಮ ಲಾಭದ ಬಂಡವಾಳ ಮಾಡಿಕೊಂಡರೆ ಆ ಪಕ್ಷಪಾತದಲ್ಲಿ ನಾವೂ ಪಾಲುದಾರರಾದಂತೆ.

2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎನ್ನುತ್ತದೆ. ರಾಜ್ಯವು ಶಾಸನ ಮಾಡದ ಹೊರತು ಅದು ಯಾರನ್ನೂ ಬಂಧಿಸುವುದಿಲ್ಲ. ಆದರೆ ಅದನ್ನು ಸ್ವಇಚ್ಛೆಯಿಂದ ಪಾಲಿಸಲು ಬಯಸುವ ಮಾಲೀಕನನ್ನು ಯಾರೂ ತಡೆಯುವುದೂ ಇಲ್ಲ.

ಮುಂಗಡದಿಂದ ಪೇಂಟಿಂಗ್ ಖರ್ಚು ಎಂದು ಒಂದೆರಡು ತಿಂಗಳ ಬಾಡಿಗೆ ಕಡಿತ ಮಾಡುವುದು ಸಾಮಾನ್ಯವಾಗಿದೆ. ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು 1882ರ ಕಾಯ್ದೆಯ 108ನೇ ಸೆಕ್ಷನಿನಲ್ಲಿ ಸ್ಪಷ್ಟವಾಗಿದೆ. ಕಡಿತವಿದ್ದರೆ ಮೊತ್ತವನ್ನು ಮೊದಲೇ ಕರಾರಿನಲ್ಲಿ ಬರೆದು ಒಪ್ಪಿಗೆ ಪಡೆಯಬೇಕು. ಇಲ್ಲವಾದರೆ ಅದು ಇನ್ನೊಬ್ಬರ ಸೊತ್ತನ್ನು ಅಕ್ರಮವಾಗಿ ಕಬಳಿಸಿದಂತೆ. ಕೊಡಲು ಶಕ್ತಿಯಿದ್ದೂ ಸಾಲ ತೀರಿಸಲು ವಿಳಂಬ ಮಾಡುವುದು ಅಕ್ರಮ ಎಂದು ಪ್ರವಾದಿ(ಸ)ರು ಹೇಳಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಹೊಸ ಬಾಡಿಗೆದಾರ ಬಂದ ಮೇಲೆ ಹಳಬನ ಮುಂಗಡ ಕೊಡುತ್ತೇನೆ ಎನ್ನುವವರು ಈ ಹದೀಸನ್ನು ನೆನಪಿಟ್ಟುಕೊಳ್ಳಲಿ. ಮಕ್ಕಾದಲ್ಲಿ ತನ್ನ ಪ್ರಾಣಕ್ಕೆ ಸಂಚು ಹೂಡಿದವರ ಸೊತ್ತುಗಳನ್ನೂ ಮರಳಿಸಲು ಹಝ್ರತ್ ಅಲಿ(ರ)ಯವರನ್ನು ನೇಮಿಸಿ ಹಿಜ್ರತ್ ಹೊರಟ ಪ್ರವಾದಿಯ ಉಮ್ಮತ್ ನಾವು.

ಬಾಡಿಗೆ ಬಾಕಿಯಾದರೂ ನೀರು, ವಿದ್ಯುತ್ ಕಡಿದು, ಬೀಗ ಜಡಿದು, ಸಾಮಾನನ್ನು ಬೀದಿಗೆ ಹಾಕುವ ಅಧಿಕಾರ ಮಾಲೀಕರಿಗಿಲ್ಲ. ನೋಟಿಸ್ ಮತ್ತು ನ್ಯಾಯಾಲಯದ ದಾರಿ ಮಾತ್ರ ಸರಿಯಾದ ದಾರಿ.

ಬಾಡಿಗೆದಾರರೊಂದಿಗೂ

ಅನ್ಯಾಯ ಒಂದೇ ಕಡೆಯಿಂದ ನಡೆಯುವುದಿಲ್ಲ. ಪತಿಯನ್ನು ಕಳೆದುಕೊಂಡು ಒಂದೇ ಮನೆಯ ಬಾಡಿಗೆಯಿಂದ ಔಷಧಿ ಕೊಳ್ಳುವ ವೃದ್ಧೆಯರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಅಂಥವರ ಮನೆಯಲ್ಲಿ ಕೂತು, ಅವಧಿ ಮುಗಿದರೂ ಬಿಡದೆ, ‘ಕೋರ್ಟಿಗೆ ಹೋಗಿ, ಹತ್ತು ವರ್ಷ ಆಗುತ್ತದೆ’ ಎನ್ನುವವರೂ ನಮ್ಮವರೇ. ಅನ್ಯರ ಒಂದು ಗೇಣು ಭೂಮಿಯನ್ನು ಅಕ್ರಮವಾಗಿ ಹಿಡಿದಿಟ್ಟುಕೊಂಡವನಿಗೆ ಪರಲೋಕದಲ್ಲಿ ಏಳು ಭೂಮಿಗಳ ಹೊರೆ ಕೊರಳಿಗೆ ಬೀಳುವುದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಇಡೀ ಮನೆಯನ್ನೇ ಹಿಡಿದಿಟ್ಟುಕೊಂಡವನ ಪಾಡೇನು?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಕಾನೂನನ್ನು ಪಾಲಿಸಬೇಕು ಎಂದರೆ ಕಾನೂನಿನ ಸಂದುಗಳಲ್ಲಿ ಅಡಗಿಕೊಳ್ಳಬೇಕು ಎಂದರ್ಥವಲ್ಲ. ಎದುರಾಳಿಯ ಪತ್ರದಲ್ಲಿ ಮುದ್ರಾಂಕ ಕಡಿಮೆಯಿತ್ತು, ನೋಂದಣಿ ಇರಲಿಲ್ಲ ಎಂಬ ಕಾರಣಕ್ಕೆ ನಾವು ಗೆದ್ದುಬಿಡಬಹುದು. ಆದರೆ ವಾಕ್ಚಾತುರ್ಯದಿಂದ ತನ್ನ ಸಹೋದರನ ಹಕ್ಕನ್ನು ತನ್ನ ಪರ ತೀರ್ಪು ಮಾಡಿಸಿಕೊಂಡವನು ಬೆಂಕಿಯ ತುಂಡನ್ನೇ ಪಡೆದಿದ್ದಾನೆ ಎಂದು ಪ್ರವಾದಿ(ಸ)ರು ಹೇಳಿದ್ದು ತಮ್ಮದೇ ತೀರ್ಪಿನ ಬಗ್ಗೆ! ಪ್ರವಾದಿಯ ತೀರ್ಪೇ ಹರಾಮನ್ನು ಹಲಾಲ್ ಮಾಡದಿರುವಾಗ ಜಿಲ್ಲಾ ನ್ಯಾಯಾಲಯದ ತೀರ್ಪು ಮಾಡೀತೇ? ಕಾನೂನು ನಮ್ಮ ನಡತೆಯ ಕೆಳಗಿನ ಮಿತಿ. ತಕ್ವಾ ಅದಕ್ಕಿಂತ ಮೇಲಿದೆ.

ಜಮಾಅತ್‌ಗಳು ಏನು ಮಾಡಬಹುದು?

ಪ್ರತಿ ಜಮಾಅತ್ ತನ್ನ ಊರಿನ ಒಬ್ಬ ವಕೀಲರು ಮತ್ತು ಒಬ್ಬ ಆಲಿಮರ ನೆರವಿನಿಂದ ಕನ್ನಡದಲ್ಲಿ ಒಂದು ಮಾದರಿ ಕರಾರನ್ನು ಸಿದ್ಧಪಡಿಸಬಹುದು. ಬಾಡಿಗೆಯ ನಿಜವಾದ ಮೊತ್ತ, ಕೊಡುವ ದಿನಾಂಕ, ವರ್ಷದ ಹೆಚ್ಚಳ, ಮುಂಗಡ ಮರಳಿಸುವ ದಿನ, ಕಡಿತದ ಮಿತಿ, ದುರಸ್ತಿಯ ಹೊಣೆ, ನೋಟಿಸಿನ ಅವಧಿ ಇವಿಷ್ಟು ಅದರಲ್ಲಿ ಸ್ಪಷ್ಟವಾಗಿರಲಿ. ಮನೆಯ ಅಂದಿನ ಸ್ಥಿತಿಯ ಫೋಟೋಗಳನ್ನು ಇಬ್ಬರೂ ಇಟ್ಟುಕೊಳ್ಳಲಿ. ಅಚ್ಚಾದ ಕೆಲವು ನಮೂನೆಗಳಲ್ಲಿ ತಡವಾದ ಹಣಕ್ಕೆ ಬಡ್ಡಿ ವಿಧಿಸುವ ಷರತ್ತು ಅಡಗಿರುತ್ತದೆ. ಅದನ್ನು ಹುಡುಕಿ ತೆಗೆಯಿರಿ. ಕರಾರಿನ ಒಂದೊಂದು ಪ್ರತಿ ಇಬ್ಬರ ಬಳಿಯೂ ಇರಲಿ. ಬಾಡಿಗೆ ಬ್ಯಾಂಕ್ ಮೂಲಕ ಹೋಗಲಿ, ನಗದಾದರೆ ರಸೀದಿ ಇರಲಿ. ಮಸೀದಿಗಳು ತಮ್ಮ ಸ್ವಂತ ಮನೆಗಳನ್ನು ಬಾಡಿಗೆಗೆ ಕೊಡುವಾಗಲೇ ಇದನ್ನು ಆರಂಭಿಸಿದರೆ ಊರಿಗೆ ಮಾದರಿಯಾಗುತ್ತದೆ. ವರ್ಷಕ್ಕೊಂದು ಜುಮಾ ಖುತ್ಬಾ ಈ ವಿಷಯಕ್ಕೆ ಮೀಸಲಾದರೆ ಜಗಳ ಬಿಡಿಸುವ ಪಂಚಾಯಿತಿಗಳು ತಾವಾಗಿಯೇ ಕಡಿಮೆಯಾದಾವು.

ನಾವೆಲ್ಲರೂ ಈ ಲೋಕದ ಬಾಡಿಗೆದಾರರೇ. ನಮ್ಮ ಅವಧಿ ಎಷ್ಟೆಂದು ನಮಗೆ ತಿಳಿದಿಲ್ಲ, ನೋಟಿಸ್ ಬರುತ್ತದೆ ಎಂಬ ಖಾತರಿಯೂ ಇಲ್ಲ. ಮನೆ ಬಿಡುವ ಆ ದಿನ ಯಾರದ್ದೋ ಮುಂಗಡ, ಯಾರದ್ದೋ ಬಾಡಿಗೆ, ಯಾರದ್ದೋ ಕಣ್ಣೀರು ನಮ್ಮ ಲೆಕ್ಕದಲ್ಲಿ ಬಾಕಿ ಉಳಿಯದಿರಲಿ. ಆಡಿದ ಮಾತನ್ನೂ ಬರೆದ ಕರಾರನ್ನೂ ಪೂರೈಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.